ಬೀದಿಬದಿಯಲ್ಲಿ ವಾಸಿಸುವವರ ಆರೋಗ್ಯ ಅಧ್ಯಯನಕ್ಕೆ ನಮ್ಮ ಕನ್ನಡ ಸಂಘ ಕೈಜೋಡಿಸಬೇಕೇ? ಜೋಡಿಸುವುದಾದರೆ ಯಾವ ಷರತ್ತಿನ ಮೇಲೆ?

ದಹಿಸರ್ ಸಂಘದವ

ಎಲ್ಲರಿಗೂ ನಮಸ್ಕಾರ. ಮುಂಬೈಯ ಒಂದು ಶಿಕ್ಷಣ ಸಂಸ್ಥೆಯೂ ಒಂದು ಸ್ವಯಂಸೇವಾ ಸಂಸ್ಥೆಯೂ ಸೇರಿ ಪಶ್ಚಿಮ ಉಪನಗರಗಳಲ್ಲಿ ಫ್ಲೈಓವರ್ ಕೆಳಗೆ, ಸ್ಟೇಷನ್ನಿನ ಹೊರಗೆ ಮತ್ತು ಫುಟ್‌ಪಾತಿನ ಮೇಲೆ ವಾಸಿಸುವವರ ವಸತಿ ಹಾಗೂ ಆರೋಗ್ಯವನ್ನು ಅಧ್ಯಯನ ಮಾಡಲು ಹೊರಟಿವೆ. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕುಟುಂಬಗಳು ಸಾಕಷ್ಟಿರುವುದರಿಂದ ಕನ್ನಡ ಬಲ್ಲ ಸ್ವಯಂಸೇವಕರನ್ನು ಒದಗಿಸಬೇಕೆಂದು ನಮ್ಮ ಸಂಘಕ್ಕೆ ಪತ್ರ ಬಂದಿದೆ. ಪತ್ರದಲ್ಲಿ ಇದನ್ನು ‘ಸಹಭಾಗಿ ಸಂಶೋಧನೆ’ ಎಂದು ಕರೆದಿದ್ದಾರೆ. ಆದರೆ ಪ್ರಶ್ನಾವಳಿ ಆಗಲೇ ಇಂಗ್ಲಿಷಿನಲ್ಲಿ ಸಿದ್ಧವಾಗಿದೆ, ಯಾವ ಜಾಗಗಳಿಗೆ ಹೋಗಬೇಕೆಂಬುದೂ ತೀರ್ಮಾನವಾಗಿದೆ. ನಮ್ಮ ಪಾಲಿಗೆ ಉಳಿದಿರುವುದು ಅನುವಾದ ಮತ್ತು ಸಂದರ್ಶನ ಮಾತ್ರ. ನಮ್ಮ ಸಮಿತಿಯಲ್ಲಿ ಕೆಲವರು ಕೂಡಲೇ ಒಪ್ಪಬೇಕೆನ್ನುತ್ತಾರೆ, ಉಳಿದವರು ಇದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹೋಟೆಲಿನವ, ಘಾಟ್ಕೋಪರ್

ಸಮೀಕ್ಷೆಯಿಂದ ಯಾರ ತಲೆಯ ಮೇಲೂ ಸೂರು ಬಂದದ್ದನ್ನು ನಾನು ಕಂಡಿಲ್ಲ. ಪ್ರಶ್ನೆ ಕೇಳಿದವರಿಗೆ ಪದವಿ ಸಿಗುತ್ತದೆ, ಉತ್ತರ ಹೇಳಿದವರು ಅಲ್ಲೇ ಮಲಗಿರುತ್ತಾರೆ. ಸಂಘದ ಹಣ, ಹುಡುಗರ ಸಮಯ ಎರಡನ್ನೂ ರಾತ್ರಿ ಶಾಲೆಯ ಮಕ್ಕಳಿಗೆ ಕೊಡುವುದು ಮೇಲು.

ಮಾಟುಂಗಾ ಮೇಷ್ಟ್ರು

ಪದವಿಯ ಮಾತನ್ನು ಒಪ್ಪುತ್ತೇನೆ, ಮೊದಲ ವಾಕ್ಯವನ್ನು ಒಪ್ಪಲಾರೆ. ಈ ನಗರದಲ್ಲೇ ಅದಕ್ಕೆ ವಿರುದ್ಧವಾದ ಉದಾಹರಣೆಯಿದೆ. 1985ರಲ್ಲಿ ‘ಸ್ಪಾರ್ಕ್’ ಸಂಸ್ಥೆಯು ಭಾಯಖಳಾ ಭಾಗದ ಫುಟ್‌ಪಾತ್ ವಾಸಿಗಳ ಗಣತಿ ಮಾಡಿತು. ಸುಮಾರು ಆರು ಸಾವಿರ ಕುಟುಂಬಗಳ ಲೆಕ್ಕ ಅದರಲ್ಲಿದೆ. ಇವರು ನಿನ್ನೆ ಮೊನ್ನೆ ಬಂದವರು, ದುಡಿಯದೆ ತಿನ್ನುವವರು ಎಂದು ಪಾಲಿಕೆಯವರೂ ಪತ್ರಿಕೆಗಳೂ ಹೇಳುತ್ತಿದ್ದ ಕಾಲ ಅದು. ಎಷ್ಟೋ ಕುಟುಂಬಗಳು ದಶಕಗಳಿಂದ ಅಲ್ಲೇ ಇವೆ, ದೇಶದ ಅತಿ ಬಡ ಜಿಲ್ಲೆಗಳಿಂದ ಬಂದಿವೆ, ಬಸ್ಸಿನ ದುಡ್ಡು ಉಳಿಸಲು ಕೆಲಸದ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲೇ ಮಲಗುತ್ತವೆ ಎಂಬುದು ಆ ಗಣತಿಯಿಂದ ಲೆಕ್ಕಸಮೇತ ಹೊರಬಿತ್ತು. ಮರುವರ್ಷ ಆ ಫುಟ್‌ಪಾತಿನ ಹೆಂಗಸರೇ ‘ಮಹಿಳಾ ಮಿಲನ್’ ಕಟ್ಟಿಕೊಂಡರು, ಉಳಿತಾಯ ಆರಂಭಿಸಿದರು, ತಮಗೆ ಬೇಕಾದ ಮನೆಯ ನಕ್ಷೆಯನ್ನು ತಾವೇ ಹಾಕಿದರು.

ಅವರ ಜೊತೆಗೆ ನಿಂತ ಕೊಳೆಗೇರಿ ಒಕ್ಕೂಟದ ಜೋಕಿನ್ ಅರ್ಪುತಂ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದವರು, ತಮಿಳು ಮನೆಮಾತಿನವರು. ಅರವತ್ತರ ದಶಕದಲ್ಲಿ ಮುಂಬೈಗೆ ಬಂದು ಮಾನ್‌ಖುರ್ದಿನ ಜನತಾ ಕಾಲೊನಿಯಲ್ಲಿ ನೆಲೆಸಿದರು. ಪರಮಾಣು ಸಂಶೋಧನಾ ಕೇಂದ್ರಕ್ಕಾಗಿ 1976ರಲ್ಲಿ ಆ ಕಾಲೊನಿಯನ್ನೇ ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಿದಾಗ ಪ್ರತಿಭಟನೆಯ ಮುಂದಾಳಾಗಿದ್ದವರು ಅವರೇ. ತನ್ನ ಜನರ ಲೆಕ್ಕ ತನ್ನ ಕೈಯಲ್ಲಿದ್ದರೆ ಮಾತ್ರ ಸರ್ಕಾರದ ಎದುರು ಕುಳಿತು ಮಾತಾಡಲು ಬರುತ್ತದೆ ಎಂಬುದು ಅವರು ಬದುಕಿನುದ್ದಕ್ಕೂ ನಡೆಸಿದ ಪದ್ಧತಿ. 2000ದಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಅವರ ಹೆಸರು ಕೇಳಿದ ನೆನಪು ಮಾತ್ರ ನನಗಿಲ್ಲ.

ವಿರಾರ್ ಲೋಕಲ್

ಸುಪ್ರೀಂ ಕೋರ್ಟ್ ಕೂಡ ಆ ಗಣತಿ ನಡೆದ 1985ರಲ್ಲೇ ಫುಟ್‌ಪಾತಿನಲ್ಲಿ ವಾಸಿಸುವುದು ಅವರ ಹಕ್ಕು ಎಂದು ಹೇಳಿತಲ್ಲವೇ?

ಠಾಣೆಯ ವಕೀಲ

ಇಲ್ಲ, ಹಾಗೆ ಹೇಳಲಿಲ್ಲ. ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. 1981ರ ಜುಲೈಯಲ್ಲಿ, ಮಳೆಗಾಲದ ನಡುವೆ, ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಊರಿಗೆ ಕಳುಹಿಸುವುದಾಗಿ ಘೋಷಿಸಿದರು. ಅದನ್ನು ಪ್ರಶ್ನಿಸಿದ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಅವರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು 1985ರ ಜುಲೈಯಲ್ಲಿ ತೀರ್ಪು ಕೊಟ್ಟಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದದ್ದು ಆ ತೀರ್ಪಿನ ದೊಡ್ಡ ಭಾಗ. ಆದರೆ ಫುಟ್‌ಪಾತನ್ನು ಆಕ್ರಮಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ, ನೋಟಿಸು ಕೊಟ್ಟು ಕ್ರಮಬದ್ಧವಾಗಿ ತೆರವುಗೊಳಿಸಬಹುದು ಎಂದೂ ಅದೇ ತೀರ್ಪು ಹೇಳಿದೆ.

ಈ ಚರ್ಚೆಗೆ ಬೇಕಾದ ಒಂದು ಅಂಶ ಅದರಲ್ಲಿದೆ. 1976ರ ಗಣತಿಯಲ್ಲಿ ಎಣಿಕೆಯಾಗಿ ಗುರುತಿನ ಚೀಟಿ ಪಡೆದವರಿಗೆ ಬದಲಿ ಜಾಗ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಅಂದರೆ ಪಟ್ಟಿಯಲ್ಲಿ ಹೆಸರಿದ್ದವನಿಗೆ ಒಂದು ದಾರಿ, ಇಲ್ಲದವನಿಗೆ ಇನ್ನೊಂದು. ಮುಂದೆ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಬಂದ, ಇಂಥ ದಿನಕ್ಕೆ ಮುಂಚಿನಿಂದ ಇದ್ದವರಿಗೆ ಮಾತ್ರ ಎನ್ನುವ ‘ಕಟ್ ಆಫ್’ ದಿನಾಂಕಗಳೂ ಇದೇ ತರ್ಕದವು. ಆದ್ದರಿಂದ ಸಮೀಕ್ಷೆಯೆಂದರೆ ಬರೀ ಕಾಗದ ಎಂದು ಯಾರೂ ತಿಳಿಯಬೇಡಿ. ಇಂದು ಬರೆದುಕೊಂಡ ಹೆಸರು ನಾಳೆ ಮನೆ ಕೊಡಿಸಲೂಬಹುದು, ಎಬ್ಬಿಸಲೂಬಹುದು.

ಕಲಬುರಗಿ ಹುಡುಗ

ವಕೀಲರು ಹೇಳಿದ ಎರಡನೆಯದು ನಮಗೆ ಆಗಿದೆ. ನನ್ನ ತಂದೆ ತಾಯಿ ನಾಕಾ ಕೆಲಸದವರು, ಅಂದರೆ ಬೆಳಗ್ಗೆ ರಸ್ತೆ ಕೂಡುವಲ್ಲಿ ನಿಂತು ದಿನಗೂಲಿಗೆ ಕಾಯುವವರು. ನಾನು ಚಿಕ್ಕವನಿದ್ದಾಗ ಒಂದು ನಾಲೆಯ ಪಕ್ಕ ತಾಡಪತ್ರಿ ಕಟ್ಟಿಕೊಂಡು ಇದ್ದೆವು. ಕಾಲೇಜಿನವರೆಂದು ಹೇಳಿಕೊಂಡ ಕೆಲವರು ಬಂದು ಎಲ್ಲರ ಹೆಸರು, ಊರು, ಎಷ್ಟು ವರ್ಷದಿಂದ ಇದ್ದೀರಿ ಎಂದು ಬರೆದುಕೊಂಡು ಫೋಟೊ ತೆಗೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಗಾಡಿ ಬಂದು ಎಲ್ಲವನ್ನೂ ಕಿತ್ತು ಹಾಕಿತು. ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನನ್ನ ಅವ್ವ ಇವತ್ತಿಗೂ ಪೆನ್ನು ಹಿಡಿದವರನ್ನು ಕಂಡರೆ ತನ್ನ ನಿಜವಾದ ಹೆಸರು ಹೇಳುವುದಿಲ್ಲ.

ಇನ್ನೂ ಒಂದು ವಿಷಯ. ಹಗಲು ಹನ್ನೊಂದಕ್ಕೆ ಬಂದರೆ ಯಾರು ಸಿಗುತ್ತಾರೆ? ಕೆಲಸ ಸಿಗದೆ ನಾಕಾದಿಂದ ವಾಪಸು ಬಂದವರು, ಕಾಯಿಲೆಯವರು, ಬಾಣಂತಿಯರು. ಅವರನ್ನಷ್ಟೇ ಕೇಳಿ ‘ಇಲ್ಲಿ ಎಲ್ಲರೂ ರೋಗಿಗಳು’ ಎಂದು ಬರೆದರೆ ಅದೂ ಸುಳ್ಳು.

ಅಂಕಿ ಅಂಶ

ಕೊನೆಯ ಮಾತು ಬಹಳ ಮುಖ್ಯವಾದದ್ದು. ಎಣಿಕೆಯ ಹೊತ್ತು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಜನಗಣತಿಯವರು ಮನೆಯಿಲ್ಲದವರನ್ನು ಒಂದೇ ರಾತ್ರಿಯಲ್ಲಿ ಎಣಿಸುತ್ತಾರೆ. 2011ರಲ್ಲಿ ಅದು ಫೆಬ್ರವರಿ 28ರ ರಾತ್ರಿ. ಆ ಲೆಕ್ಕದಂತೆ ದೇಶದಲ್ಲಿ ಸುಮಾರು 17.7 ಲಕ್ಷ ಜನ, ಮುಂಬೈಯಲ್ಲಿ ಸುಮಾರು 57 ಸಾವಿರ ಜನ ಮನೆಯಿಲ್ಲದವರು. ಈ ನಗರದಲ್ಲಿ ಒಂದು ತಿಂಗಳು ಕಣ್ಣು ಬಿಟ್ಟು ತಿರುಗಿದ ಯಾರೂ ಎರಡನೆಯ ಸಂಖ್ಯೆಯನ್ನು ನಂಬಲಾರರು. ಫ್ಲೈಓವರ್ ಕೆಳಗಿನವರು ಆ ರಾತ್ರಿ ಬೇರೆ ಕಡೆ ಮಲಗಿದ್ದರೆ, ಕಟ್ಟಡದ ಸೈಟಿನೊಳಗಿದ್ದರೆ, ಪೊಲೀಸರೆಂದು ಹೆದರಿ ಎದ್ದು ಹೋಗಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ತಾಡಪತ್ರಿಗೆ ನಾಲ್ಕು ಕಂಬ ಹೆಚ್ಚಾದರೆ ಅದು ಕೊಳೆಗೇರಿಯ ಪಟ್ಟಿಗೆ ಹೋಗುತ್ತದೆ.

2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಇಪ್ಪತ್ನಾಲ್ಕು ಗಂಟೆಯ ಆಶ್ರಯ ಕೇಂದ್ರ ಇರಬೇಕೆಂದಿತು. 2011ರ ಲೆಕ್ಕದಂತೆ ಮುಂಬೈಯ 1.24 ಕೋಟಿ ಜನಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಕೇಂದ್ರ ಬೇಕು. ಆ ಸಂಖ್ಯೆಯ ಹತ್ತಿರಕ್ಕೂ ನಾವು ಹೋಗಿಲ್ಲ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅದಕ್ಕೆ ಮುಂಚೆ ಜನರ ಜೊತೆ ಸೇರಿ ಯಾರು ಎಲ್ಲಿ ಮಲಗುತ್ತಾರೆಂಬ ನಕ್ಷೆಯನ್ನಾದರೂ ಮಾಡಿದರೆ ಈ ಅಧ್ಯಯನದಿಂದ ಲಾಭವಿದೆ.

ಮಾಟುಂಗಾ ಮೇಷ್ಟ್ರು

ಇದಕ್ಕೆ ಒಂದು ಸೇರ್ಪಡೆ. ನಾನು ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹೋಟೆಲಿನಲ್ಲಿ ದುಡಿದು, ಶಟರ್ ಎಳೆದ ಮೇಲೆ ಮೇಜು ಜೋಡಿಸಿ ಅದರ ಮೇಲೇ ಮಲಗುತ್ತಿದ್ದ ಹುಡುಗರು. ಮಾಲೀಕನ ಜೊತೆ ಜಗಳವಾದ ದಿನ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಯಾವ ಗಣತಿಯೂ ಅವರನ್ನು ಮನೆಯಿಲ್ಲದವರೆಂದು ಬರೆದುಕೊಳ್ಳಲಿಲ್ಲ. ಅಧ್ಯಯನ ತಂಡ ಆರಿಸಿದ ಜಾಗಗಳಲ್ಲಿ ಹೋಟೆಲಿನ ಅಟ್ಟ ಇದೆಯೇ ಎಂದು ಕೇಳಿ.

ಹೋಟೆಲಿನವ, ಘಾಟ್ಕೋಪರ್

ಮೇಷ್ಟ್ರೇ, ಆ ಹುಡುಗರಿಗೆ ಊಟ, ಸ್ನಾನ, ಮಲಗಲು ಜಾಗ ಕೊಟ್ಟವರೂ ನಾವೇ. ಅದನ್ನು ಅನ್ಯಾಯದ ಪಟ್ಟಿಗೆ ಸೇರಿಸಬೇಡಿ.

ಮಾಟುಂಗಾ ಮೇಷ್ಟ್ರು

ಸೇರಿಸಲಿಲ್ಲ. ಲೆಕ್ಕಕ್ಕೆ ಸೇರಿಸಿ ಎಂದೆ.

ಪರೇಲ್ ನರ್ಸ್

ಎಲ್ಲರೂ ಸಂಖ್ಯೆ ಮತ್ತು ಕಾನೂನಿನ ಬಗ್ಗೆ ಬರೆದಿದ್ದೀರಿ, ಆರೋಗ್ಯದ ಬಗ್ಗೆ ನಾನು ಬರೆಯುತ್ತೇನೆ. ಕ್ಷಯಕ್ಕೆ ಕನಿಷ್ಠ ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಳ್ಳಬೇಕು, ಮಾತ್ರೆ ಉಚಿತ. ಆದರೆ ತೆರವಿನ ಗಾಡಿ ಬಂದಾಗ ಹೊದಿಕೆ, ಪಾತ್ರೆ, ಆಧಾರ್ ಕಾರ್ಡಿನ ಜೊತೆ ಮಾತ್ರೆಗಳೂ ಹೋಗುತ್ತವೆ. ಎರಡು ವಾರ ನಿಂತು ಹೋದ ಚಿಕಿತ್ಸೆಯನ್ನು ಕಾಗದದಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂದು ಬರೆಯುತ್ತಾರೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಅದು ಬ್ಯಾಂಕ್ ಖಾತೆಗೆ ಬರುವ ಹಣ. ವಿಳಾಸವಿಲ್ಲದವನು ಖಾತೆ ತೆರೆಯಲು ಎಷ್ಟು ಬಾಗಿಲು ತಟ್ಟಬೇಕೆಂಬುದನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ.

ಹೆಂಗಸರ ವಿಷಯ ಇನ್ನೂ ಬೇರೆ. ಸುಲಭ ಶೌಚಾಲಯಕ್ಕೆ ಪ್ರತಿ ಸಲ ದುಡ್ಡು ಕೊಡಬೇಕು, ರಾತ್ರಿ ಹೋಗಲು ಹೆದರಿಕೆ, ಆದ್ದರಿಂದ ಸಂಜೆಯಾದ ಮೇಲೆ ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಸೋಂಕಿಗೆ ಮಾತ್ರೆ ಕೊಟ್ಟು ‘ಹೆಚ್ಚು ನೀರು ಕುಡಿಯಿರಿ’ ಎಂದು ಹೇಳುವಾಗ ನನಗೇ ನಾಚಿಕೆಯಾಗುತ್ತದೆ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಡೆದವರಿಗೆ ಇಲಿಜ್ವರದ ಭಯ. ಕಾಲಿನಲ್ಲಿ ಗಾಯವಿದ್ದವರಿಗೆ ಅದು ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ಬೇಕಾದವರು ಅದನ್ನು ಎಲ್ಲಿ ತಣ್ಣಗೆ ಇಡಬೇಕು?

ಇನ್ನು ನಮ್ಮ ಪರೇಲಿನಲ್ಲೇ ಟಾಟಾ ಆಸ್ಪತ್ರೆಗೆ ದೂರದ ಊರುಗಳಿಂದ ಬಂದವರು ಫುಟ್‌ಪಾತಿನಲ್ಲಿ ಮಲಗುವುದನ್ನು ಎಲ್ಲರೂ ನೋಡಿದ್ದೀರಿ. ದಾದರಿನ ಗಾಡ್ಗೆ ಮಹಾರಾಜ ಧರ್ಮಶಾಲೆಯಂಥವು ಎಷ್ಟು ಜನರಿಗೆ ಸಾಲುತ್ತವೆ? ಊರಿನಲ್ಲಿ ಅವರಿಗೆ ಮನೆಯಿದೆ, ಹೊಲವೂ ಇತ್ತು, ಚಿಕಿತ್ಸೆಗಾಗಿ ಅದನ್ನು ಮಾರಿರುತ್ತಾರೆ. ಬೀದಿಗೆ ಬಂದದ್ದರಿಂದ ಕಾಯಿಲೆ ಎಂದು ನಾವು ಮಾತಾಡುತ್ತೇವೆ. ಕಾಯಿಲೆಯಿಂದಲೇ ಬೀದಿಗೆ ಬಂದವರು ಇವರು. ಅಧ್ಯಯನವು ಇವೆರಡನ್ನೂ ಕೇಳದಿದ್ದರೆ ಅರ್ಧವೇ ಆಗುತ್ತದೆ.

ಪುಣೆ ಸಂಶೋಧಕಿ

ನರ್ಸ್ ಅಕ್ಕ ಬರೆದದ್ದನ್ನು ಓದಿದ ಮೇಲೆ, ಪ್ರಶ್ನಾವಳಿ ಮೊದಲೇ ಏಕೆ ಸಿದ್ಧವಾಗಬಾರದು ಎಂಬುದನ್ನು ನಾನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಶೌಚಾಲಯದ ಖರ್ಚು, ಮಾತ್ರೆ ಕಳೆದುಕೊಂಡದ್ದು, ಇಂಥ ಪ್ರಶ್ನೆಗಳು ಬದುಕಿದವರಿಂದ ಮಾತ್ರ ಬರುತ್ತವೆ.

ಕೆನಡಾದಲ್ಲಿ 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ ಮಾನಸಿಕ ಕಾಯಿಲೆಯಿರುವ ಮನೆಯಿಲ್ಲದವರ ಬಗ್ಗೆ ದೊಡ್ಡ ಪ್ರಯೋಗವೊಂದು ನಡೆಯಿತು. ಪಾಲ್ಗೊಂಡವರು ಎರಡು ಸಾವಿರಕ್ಕೂ ಹೆಚ್ಚು. ಮೊದಲು ಕುಡಿತ ಬಿಡು, ಮಾತ್ರೆ ತೆಗೆದುಕೋ, ಆಮೇಲೆ ಮನೆ ಎನ್ನುವ ಹಳೆಯ ಕ್ರಮವನ್ನು ಬಿಟ್ಟು, ಒಂದು ಗುಂಪಿಗೆ ಮೊದಲೇ ಬಾಡಿಗೆ ಮನೆ ಕೊಡಿಸಿ, ಬೇಕಾದ ಆರೈಕೆಯನ್ನು ಆ ಮನೆಗೇ ತಲುಪಿಸಿದರು. ಇನ್ನೊಂದು ಗುಂಪಿಗೆ ಎಂದಿನ ಸೇವೆ. ಕೊನೆಯ ಆರು ತಿಂಗಳಲ್ಲಿ ಮೊದಲ ಗುಂಪಿನ ಶೇ. 62ರಷ್ಟು ಜನ ಪೂರ್ತಿ ಅವಧಿ ಮನೆಯಲ್ಲಿದ್ದರು, ಎರಡನೆಯ ಗುಂಪಿನಲ್ಲಿ ಶೇ. 31. ಬೀದಿಯಲ್ಲಿ ಬದುಕಿ ಬಂದವರನ್ನೇ ಆ ಅಧ್ಯಯನದ ಸಮಿತಿಗಳಲ್ಲಿಯೂ ಕ್ಷೇತ್ರಕಾರ್ಯದಲ್ಲಿಯೂ ಸೇರಿಸಿಕೊಂಡಿದ್ದರು. ಸಹಭಾಗಿತ್ವವೆಂದರೆ ಅದು. ಅನುವಾದಕ್ಕೆ ಜನ ಕೇಳುವುದು ಸಹಭಾಗಿತ್ವವಲ್ಲ.

ಹೋಟೆಲಿನವ, ಘಾಟ್ಕೋಪರ್

ಕೆನಡಾದ ಮಾತು ಕೆನಡಾಕ್ಕೆ ಸರಿ. ಇಲ್ಲಿ ಹತ್ತು ಅಡಿಯ ಖೋಲಿಗೂ ಡಿಪಾಸಿಟ್ ಕೇಳುತ್ತಾರೆ, ಹನ್ನೊಂದು ತಿಂಗಳ ಕರಾರು ಮಾಡಿಸುತ್ತಾರೆ, ಜಾತಿ ಕೇಳುತ್ತಾರೆ, ಮೀನು ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ. ಸಂಬಳದ ಚೀಟಿಯಿರುವ ನಮ್ಮ ಹುಡುಗರಿಗೇ ಮನೆ ಸಿಗುವುದಿಲ್ಲ. ನಾಲೆಯ ಪಕ್ಕದವನಿಗೆ ಯಾರು ಕೊಡುತ್ತಾರೆ?

ಪುಣೆ ಸಂಶೋಧಕಿ

ಈ ಆಕ್ಷೇಪಣೆ ನ್ಯಾಯವಾದದ್ದು. ಆದರೂ ನಮ್ಮಲ್ಲಿ ಪ್ರಯತ್ನವೇ ಆಗಿಲ್ಲವೆಂದಲ್ಲ. ಚೆನ್ನೈನ ‘ದಿ ಬನ್ಯಾನ್’ ಸಂಸ್ಥೆ ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರನ್ನು ನಾಲ್ಕೈದು ಜನರಂತೆ ಮಾಮೂಲಿ ಬೀದಿಯ ಬಾಡಿಗೆ ಮನೆಗಳಲ್ಲಿ ಒಟ್ಟಿಗೆ ಇರಿಸುವ ‘ಹೋಮ್ ಅಗೇನ್’ ಕ್ರಮವನ್ನು ನಡೆಸುತ್ತಿದೆ. ಹಾಗೆ ಒಟ್ಟಿಗೆ ಇರುವುದು ನಮ್ಮ ಊರುಗಳಿಗೆ ಒಗ್ಗುವ ದಾರಿ.

ಚೆಂಬೂರಿನ ಇಂಜಿನಿಯರ್

ಮನೆ ಕೊಟ್ಟರೆ ಆರೋಗ್ಯ ತಾನಾಗಿ ಬರುತ್ತದೆಂದು ಯಾರೂ ನಂಬಬೇಡಿ. ರೈಲು ಹಳಿಯ ಪಕ್ಕದಿಂದಲೂ ರಸ್ತೆ ಅಗಲೀಕರಣಕ್ಕಾಗಿಯೂ ಎಬ್ಬಿಸಿದ ಸಾವಿರಾರು ಕುಟುಂಬಗಳಿಗೆ ಮಾನ್‌ಖುರ್ದ್, ಗೋವಂಡಿಯ ಕಡೆ 225 ಚದರ ಅಡಿಯ ಮನೆ ಕೊಟ್ಟರು. ನಟ್ವರ್ ಪಾರೇಖ್ ಕಂಪೌಂಡ್, ಲಲ್ಲುಭಾಯಿ ಕಂಪೌಂಡ್, ಪಿಎಂಜಿ ಕಾಲೊನಿ ಎಂಬ ಮೂರು ವಸಾಹತುಗಳಲ್ಲಿ ‘ಡಾಕ್ಟರ್ಸ್ ಫಾರ್ ಯು’ ವೈದ್ಯರು ಐಐಟಿ ಬಾಂಬೆಯವರ ಜೊತೆ ಸೇರಿ ಮನೆ ಮನೆಗೆ ಹೋಗಿ ಅಧ್ಯಯನ ಮಾಡಿದರು. ಕಟ್ಟಡಗಳು ಒಂದಕ್ಕೊಂದು ಅಂಟಿದಂತಿದ್ದ ಮೊದಲೆರಡು ಕಡೆ, ಅದರಲ್ಲೂ ಬಿಸಿಲು ಗಾಳಿ ಇಳಿಯದ ಕೆಳಗಿನ ಮಹಡಿಗಳಲ್ಲಿ, ಕ್ಷಯ ಹೆಚ್ಚಿತ್ತು. ಅಂತರ ಬಿಟ್ಟು ಕಟ್ಟಿದ ಪಿಎಂಜಿ ಕಾಲೊನಿಯಲ್ಲಿ ಕಡಿಮೆ. ವೈದ್ಯರಷ್ಟೇ ಹೋಗಿದ್ದರೆ ಕೆಮ್ಮು ಬರೆದುಕೊಂಡು ಬರುತ್ತಿದ್ದರು, ನಮ್ಮ ಇಂಜಿನಿಯರುಗಳಷ್ಟೇ ಹೋಗಿದ್ದರೆ ಕಿಟಕಿಯ ಅಳತೆ ತೆಗೆದುಕೊಂಡು ಬರುತ್ತಿದ್ದರು.

ಅಂಕಿ ಅಂಶ

ಹೌದು. 2020ರ ಜುಲೈಯಲ್ಲಿ ಮಾಟುಂಗಾ, ಚೆಂಬೂರು, ದಹಿಸರ್ ವಾರ್ಡುಗಳಲ್ಲಿ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿ ಮಾಡಿದ ಕೋವಿಡ್ ರಕ್ತಪರೀಕ್ಷೆಯನ್ನೂ ನೆನಪಿಸಿಕೊಳ್ಳಿ. ಕೊಳೆಗೇರಿಯಲ್ಲಿ ಶೇ. 57 ಜನರಿಗೆ, ಅದೇ ವಾರ್ಡಿನ ಉಳಿದ ಕಡೆ ಶೇ. 16 ಜನರಿಗೆ ಸೋಂಕು ತಗಲಿ ಹೋಗಿತ್ತು. ಹಂಚಿಕೊಂಡ ಶೌಚಾಲಯವೂ ಕಾರಣವಿರಬಹುದೆಂದರು. ಆದರೆ ಬೀದಿಯಲ್ಲಿ ಮಲಗುವವರು ಕೊಳೆಗೇರಿಯೂ ಅಲ್ಲ, ಕಟ್ಟಡವೂ ಅಲ್ಲ. ಅವರಿಗೆ ಆ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.

ವಾಸ್ಕೊದಿಂದ

ಗೋವೆಯಲ್ಲಿ ನಮ್ಮ ಅನುಭವವನ್ನೂ ಕೇಳಿ. 2004ರ ಮಳೆಗಾಲದಲ್ಲಿ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಂದವರಲ್ಲಿ ಕನ್ನಡಿಗರೇ ಬಹಳ. ಅದಕ್ಕೆ ಮುಂಚೆ ಆ ಜಾಗಕ್ಕೆ ಎಚ್‌ಐವಿ ಎಂದು, ವೇಶ್ಯಾವಾಟಿಕೆ ಎಂದು ಎಷ್ಟೊಂದು ಜನ ಅಧ್ಯಯನಕ್ಕೆ ಬಂದಿದ್ದರು. ರೋಗದ ಜಾಗವೆಂಬ ಹೆಸರು ಉಳಿಯಿತು, ಅಲ್ಲಿದ್ದ ಕೂಲಿಯವರಿಗೂ ಮೀನು ಹೊರುವವರಿಗೂ ಅದೇ ಹೆಸರು ಅಂಟಿತು. ಆದ್ದರಿಂದ ವರದಿಯಲ್ಲಿ ಜಾಗದ ಹೆಸರು ಹಾಕುವ ಮುಂಚೆ ಆ ಜಾಗದವರ ಒಪ್ಪಿಗೆ ಬೇಕು ಎಂಬುದನ್ನು ಷರತ್ತಾಗಿ ಸೇರಿಸಿ.

ಠಾಣೆಯ ವಕೀಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಲ್ಲಿ ಇಂಥ ದುರ್ಬಲ ಸಮುದಾಯಗಳಿಗೆ ಹೆಚ್ಚಿನ ರಕ್ಷಣೆ ಹೇಳಿದೆ. ನೀತಿ ಸಮಿತಿಯ ಅನುಮತಿ ಪತ್ರದ ಪ್ರತಿಯನ್ನು ಸಂಘವು ಕೇಳಿ ಪಡೆಯಲಿ. ಓದಲು ಬಾರದವರ ಹೆಬ್ಬೆಟ್ಟು ಪಡೆಯುವಾಗ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿ ಇರಬೇಕು. ಹೆಸರಿನ ಪಟ್ಟಿ ಬೇರೆ, ಉತ್ತರಗಳು ಬೇರೆ ಇರಲಿ, ಹೆಸರಿನ ಪಟ್ಟಿ ಯಾರ ಕೈಯಲ್ಲಿರುತ್ತದೆ ಎಂಬುದು ಬರವಣಿಗೆಯಲ್ಲಿ ಬರಲಿ. ಭಿಕ್ಷಾಟನೆಯ ಬಗ್ಗೆ ಪ್ರಶ್ನೆಯಿದ್ದರೆ ಇನ್ನೂ ಎಚ್ಚರಿಕೆ ಬೇಕು. 1959ರ ಮುಂಬೈ ಭಿಕ್ಷಾಟನೆ ತಡೆ ಕಾಯ್ದೆಯನ್ನು 2018ರಲ್ಲಿ ದೆಹಲಿ ಹೈಕೋರ್ಟ್ ಬಹುಮಟ್ಟಿಗೆ ರದ್ದುಪಡಿಸಿದ್ದು ದೆಹಲಿಗೆ ಮಾತ್ರ.

ಕಲಬುರಗಿ ಹುಡುಗ

ಷರತ್ತುಗಳು ಚೆನ್ನಾಗಿವೆ. ಆದರೆ ಎರಡು ವಿಷಯ ಬಿಟ್ಟು ಹೋಗಿವೆ. ಸಂಘದ ಸ್ವಯಂಸೇವಕರಲ್ಲಿ ಹೆಚ್ಚಿನವರು ಮಂಗಳೂರು, ಉಡುಪಿಯ ಕಡೆಯವರು. ನಮ್ಮ ಜನರಲ್ಲಿ ಬಹಳಷ್ಟು ಮಂದಿ ಲಂಬಾಣಿಗರು, ಮನೆಯಲ್ಲಿ ಅವರ ಮಾತೇ ಬೇರೆ. ಹೊರಗೆ ಹಿಂದಿ, ಮರಾಠಿ, ಕನ್ನಡ ಮೂರನ್ನೂ ಬೆರೆಸಿ ಮಾತಾಡುತ್ತಾರೆ. ಹೆಂಗಸರ ಕಾಯಿಲೆಯ ಬಗ್ಗೆ ಗಂಡಸರು ಹೋಗಿ ಪುಸ್ತಕದ ಕನ್ನಡದಲ್ಲಿ ಕೇಳಿದರೆ ‘ಎಲ್ಲಾ ಆರಾಮ’ ಎಂಬ ಉತ್ತರವೇ ಬರುತ್ತದೆ. ಇನ್ನೊಂದು ದುಡ್ಡಿನ ವಿಷಯ. ಸಂದರ್ಶನಕ್ಕೆ ಕುಳಿತವರಿಗೆ ಅರ್ಧ ದಿನದ ಕೂಲಿ ಹೋಗುತ್ತದೆ.

ವಿರಾರ್ ಲೋಕಲ್

ದುಡ್ಡು ಕೊಟ್ಟರೆ ದುಡ್ಡಿಗಾಗಿ ಸುಳ್ಳು ಹೇಳುವುದಿಲ್ಲವೇ?

ಪರೇಲ್ ನರ್ಸ್

ಸಂಬಳ ಪಡೆಯುವ ಸಂಶೋಧಕರು ಸುಳ್ಳು ಬರೆಯುತ್ತಾರೆಂದು ನೀವು ಅನುಮಾನಿಸುವುದಿಲ್ಲವಲ್ಲ.

ದಹಿಸರ್ ಸಂಘದವ

ನಿಮ್ಮ ಮಾತುಗಳನ್ನು ಮುಂದಿಟ್ಟುಕೊಂಡು ಇಂದು ಅಧ್ಯಯನ ತಂಡದ ಮುಖ್ಯಸ್ಥರೊಡನೆ ಮಾತಾಡಿದೆ. ಪ್ರಶ್ನಾವಳಿಯನ್ನು ಅಲ್ಲಿಯ ನಿವಾಸಿಗಳ ಜೊತೆ ಕುಳಿತು ತಿದ್ದಲು ಒಪ್ಪಿದ್ದಾರೆ, ಹೋಟೆಲಿನ ಅಟ್ಟದವರನ್ನು ಸೇರಿಸುವ ಬಗ್ಗೆ ಯೋಚಿಸುತ್ತೇವೆಂದರು, ಜಾಗದ ಹೆಸರು ಮುಚ್ಚಿಡುವುದಕ್ಕೂ ತಕರಾರಿಲ್ಲ. ಕೂಲಿಯ ವಿಷಯದಲ್ಲಿ ಮಾತ್ರ ಹಿಂಜರಿಕೆ ಇದೆ. ಅನುದಾನದಲ್ಲಿ ‘ಉಪಾಹಾರ’ಕ್ಕೆ ಹಣವಿದೆಯಂತೆ, ಕೂಲಿಗೆ ಇಲ್ಲವಂತೆ. ಅದು ಬಗೆಹರಿಯುವವರೆಗೆ ಸಂಘದ ಒಪ್ಪಿಗೆ ಪತ್ರ ಕೊಡುವುದಿಲ್ಲವೆಂದು ತಿಳಿಸಿದ್ದೇನೆ. ಈ ನಡುವೆ ಲಂಬಾಣಿ ಮಾತು ಬಲ್ಲ ಹೆಣ್ಣುಮಕ್ಕಳು ಯಾರಾದರೂ ಸಿಗುತ್ತಾರೆಯೇ?

ಕಲಬುರಗಿ ಹುಡುಗ

ನನ್ನ ಅತ್ತಿಗೆ ಇದ್ದಾರೆ, ಹತ್ತನೆಯ ತರಗತಿ ಓದಿದ್ದಾರೆ, ಬೋರಿವಲಿಯಿಂದ ಮೀರಾ ರೋಡಿನವರೆಗೆ ಎಲ್ಲಾ ನಾಕಾಗಳ ಹೆಂಗಸರೂ ಅವರಿಗೆ ಪರಿಚಯ. ಸ್ವಯಂಸೇವಕಿಯಾಗಿ ಬರುವುದಿಲ್ಲ, ಕೆಲಸಕ್ಕೆ ಕರೆದರೆ ಬರುತ್ತಾರೆ. ಅವರ ಒಂದು ದಿನದ ಕೂಲಿ ಎಷ್ಟು ಕೊಡುತ್ತಾರೆಂದು ಮೊದಲು ಕೇಳಿ ತಿಳಿಸಿ. ಬೆಳಗ್ಗೆ ನಾಕಾದ ಹೊತ್ತಿನಲ್ಲಿ ಮಾತ್ರ ಫೋನ್ ಮಾಡಬೇಡಿ.